ಕೈತುತ್ತೋ, ಮಗುವಿನ ಕೈಗೇ ತಟ್ಟೆಯೋ? ಒಂದರಿಂದ ಮೂರು ವರ್ಷದ ಮಕ್ಕಳ ಊಟಕ್ಕೆ ದಾರಿಗಳ ಹೋಲಿಕೆ

ಮಗುವಿಗೆ ವರ್ಷ ತುಂಬುತ್ತಿದ್ದಂತೆ ಮನೆಯಲ್ಲಿ ಪಕ್ಷಗಳಾಗುತ್ತವೆ. ಕಲಸಿ ತುತ್ತಿಟ್ಟರೇನೇ ಹೊಟ್ಟೆ ತುಂಬುವುದು ಅನ್ನುವವರು ಒಂದು ಕಡೆ, ತಟ್ಟೆ ಮುಂದಿಟ್ಟುಬಿಡಿ, ಅದೇ ತಿನ್ನಲಿ ಅನ್ನುವವರು ಇನ್ನೊಂದು ಕಡೆ. ಗಂಟಲಲ್ಲಿ ಸಿಕ್ಕಿಕೊಂಡೀತೆಂದು ಹೆದರಿ ಎಲ್ಲವನ್ನೂ ಮಿಕ್ಸಿಗೆ ಹಾಕುವವರು ಮೂರನೆಯವರು. ಯಾವುದನ್ನು ಹಿಡಿಯುವುದು ಎಂದು ಗೊಂದಲದಲ್ಲಿರುವ ಅಪ್ಪ ಅಮ್ಮಂದಿರಿಗಾಗಿ ಈ ಹೋಲಿಕೆ. ತುತ್ತನ್ನು ಬಾಯಿಗೆ ಒಯ್ಯುವ ಕೈ ಯಾರದ್ದು ಎನ್ನುವುದಕ್ಕಿಂತ, ಆ ತುತ್ತು ಎಷ್ಟು ಮೆತ್ತಗಿದೆ, ಯಾವ ಆಕಾರದಲ್ಲಿದೆ, ಮಗು ಹೇಗೆ ಕುಳಿತಿದೆ, ಅದರ ಮುಖವನ್ನು ಯಾರಾದರೂ ನೋಡುತ್ತಿದ್ದಾರೆಯೇ ಎನ್ನುವುದು ಹೆಚ್ಚು ಮುಖ್ಯ. ಇವಿಷ್ಟು ಸರಿ ಇದ್ದರೆ ಮೂರರಲ್ಲಿ ಎರಡು ದಾರಿಗಳು ಸುರಕ್ಷಿತ. ಇವು ತಪ್ಪಿದರೆ ಮೂರೂ ಅಪಾಯವೇ.

ಯಾವುದರಿಂದ ಅಳೆಯುವುದು

ಮೊದಲು ಗಂಟಲು. ದವಡೆ ಹಲ್ಲುಗಳಲ್ಲಿ ಮೊದಲಿನವು ಸುಮಾರು 13ರಿಂದ 19 ತಿಂಗಳ ನಡುವೆ ಬರುತ್ತವೆ, ಅವುಗಳ ಹಿಂದಿನವು 23ರಿಂದ 33 ತಿಂಗಳ ನಡುವೆ. ಅಲ್ಲಿಯವರೆಗೆ ಮಗು ಮುಂದಿನ ಹಲ್ಲಿನಿಂದ ಕಚ್ಚಬಲ್ಲದು, ಅರೆಯಲಾರದು. ಕಡಲೆಕಾಯಿ ಬೀಜ ಕಚ್ಚಿದಾಗ ಎರಡು ಹೋಳಾಗಿ, ಅರೆಯದೆಯೇ ಹಿಂದಕ್ಕೆ ಜಾರುವುದು ಇದಕ್ಕೇ. ಹಲ್ಲು ಬಂದ ಮೇಲೂ ಅಗಿಯುವ, ನುಂಗುವ, ಉಸಿರಾಡುವ ಹೊಂದಾಣಿಕೆ ಪಕ್ವವಾಗಲು ನಾಲ್ಕು ವರ್ಷವಾದರೂ ಬೇಕು.

ಎರಡನೆಯದು ಹೊಟ್ಟೆ ಸೇರುವ ಸತ್ವ. ಒಂದರಿಂದ ಎರಡು ವರ್ಷದ ಮಗುವಿಗೆ 250 ಮಿ.ಲೀ. ಹಿಡಿಸುವ ಬಟ್ಟಲಿನಲ್ಲಿ ಮುಕ್ಕಾಲರಿಂದ ಒಂದು ಬಟ್ಟಲು, ದಿನಕ್ಕೆ ಮೂರು ನಾಲ್ಕು ಸಲ, ಜೊತೆಗೆ ನಡುವೆ ಒಂದೆರಡು ಸಲ ಸಣ್ಣ ತಿಂಡಿ ಎನ್ನುವುದು ಸಾಮಾನ್ಯ ಲೆಕ್ಕ. ಎದೆಹಾಲು ಎರಡು ವರ್ಷದವರೆಗೂ, ಅದರಾಚೆಗೂ ನಡೆಯಬಹುದು. ಇಲ್ಲಿ ಮರೆಯಬಾರದ್ದು ಕಬ್ಬಿಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಲು ಹೆಚ್ಚು ಕುಡಿದು ಊಟ ಬಿಡುವ ಮಕ್ಕಳಲ್ಲಿ ಇದು ಬೇಗ ಕಾಣಿಸುತ್ತದೆ, ಹಾಗಾಗಿ ಹಸುವಿನ ಹಾಲು ದಿನಕ್ಕೆ ಸುಮಾರು ಅರ್ಧ ಲೀಟರ್ ದಾಟದಿರಲಿ.

ಮೂರನೆಯದು ಕಲಿಕೆ, ಅಂದರೆ ಅಗಿಯುವುದು, ಕೈ ಬಾಯಿಗೆ ತರುವುದು, ಸಾಕೆನಿಸಿದಾಗ ನಿಲ್ಲಿಸುವುದು. ಉಳಿದವು ನಿಮ್ಮ ಸಮಯ ಮತ್ತು ಖರ್ಚು. ಅವನ್ನು ಲೆಕ್ಕಕ್ಕೆ ಹಿಡಿಯದ ಸಲಹೆ ಮೂರನೇ ದಿನಕ್ಕೆ ಬಿದ್ದುಹೋಗುತ್ತದೆ.

ಕೈತುತ್ತು

ಕೈಯಿಂದ ಕಲಸುವವರಿಗೆ ದೊಡ್ಡ ಅನುಕೂಲವೊಂದಿದೆ. ಬೆರಳೇ ತಪಾಸಣೆ ಮಾಡುತ್ತದೆ. ಮೀನಿನ ಮುಳ್ಳು, ಒಗ್ಗರಣೆಯ ಕಡಲೆಬೇಳೆ, ಕರಿಬೇವಿನ ಎಲೆ, ಒಣಮೆಣಸಿನ ಸಿಪ್ಪೆ, ಬಿಸಿ, ಎಲ್ಲವೂ ಮಗುವಿನ ಬಾಯಿಗಿಂತ ಮೊದಲು ನಿಮ್ಮ ಬೆರಳಿಗೆ ಸಿಗುತ್ತವೆ. ಬಂಗುಡೆ, ಬೂತಾಯಿಯಂಥ ಮುಳ್ಳು ಹೆಚ್ಚಿರುವ ಮೀನು ಮಾಡುವ ಮನೆಗಳಲ್ಲಿ ಮೀನಿನ ಮಟ್ಟಿಗೆ ಈ ದಾರಿಯೇ ಸರಿ. ಸತ್ವದ ವಿಷಯದಲ್ಲೂ ಇದು ಮುಂದು. ಬೇಳೆ, ಸೊಪ್ಪು, ಒಂದು ಟೀ ಚಮಚ ತುಪ್ಪ ಎಲ್ಲ ಪ್ರತಿ ತುತ್ತಿನಲ್ಲೂ ಸಮನಾಗಿ ಸೇರುತ್ತದೆ. ಅರ್ಧ ಬಟ್ಟಲು ಖಾಲಿಯಾದರೆ ಎಷ್ಟು ಹೋಯಿತೆಂದು ಲೆಕ್ಕ ಸಿಗುತ್ತದೆ. ಖರ್ಚಂತೂ ಇಲ್ಲವೇ ಇಲ್ಲ.

ಕೆಡುವುದು ಅವಸರದಲ್ಲಿ ಮತ್ತು ಬಲವಂತದಲ್ಲಿ. ಹಿಂದಿನ ತುತ್ತು ಬಾಯಲ್ಲಿರುವಾಗಲೇ ಮುಂದಿನದು ಬಂದರೆ ಮಗು ಅರ್ಧಂಬರ್ಧ ಅಗಿದು ನುಂಗುತ್ತದೆ, ಇಲ್ಲವೇ ದವಡೆಯ ಸಂದಿಯಲ್ಲಿ ತುಂಬಿಸಿಟ್ಟುಕೊಳ್ಳುತ್ತದೆ. ಮೊಬೈಲ್ ತೋರಿಸುತ್ತಾ ಉಣ್ಣಿಸುವಾಗಲೂ ಹೀಗೇ ಆಗುತ್ತದೆ: ಬಾಯಿ ತೆರೆಯುತ್ತದೆ, ಗಮನ ಪರದೆಯ ಮೇಲಿರುತ್ತದೆ, ಅಗಿಯುವುದು ನಿಲ್ಲುತ್ತದೆ. ಅಳುವ ಮಗುವಿಗೆ ತುತ್ತಿಡುವುದು ಇದಕ್ಕಿಂತ ಅಪಾಯ. ಅಳುವಿನ ನಡುವೆ ಜೋರಾಗಿ ಎಳೆದುಕೊಳ್ಳುವ ಉಸಿರು ಆಹಾರವನ್ನೂ ಶ್ವಾಸನಾಳದ ಕಡೆಗೆ ಎಳೆಯುತ್ತದೆ. ಮೂಗು ಹಿಡಿದು ಗಂಟಲಿಗೆ ಹುಯ್ಯುವ ಪದ್ಧತಿ ಇನ್ನೂ ಕೆಲವು ಕಡೆ ಇದೆ, ಅದನ್ನು ಯಾರು ಮಾಡಿದರೂ ತಡೆಯಿರಿ. ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಲ್ಲೋ ಚಮಚದಲ್ಲೋ ರಾಗಿ ಸರಿ ಹುಯ್ಯುವುದೂ ಈ ವಯಸ್ಸಿಗೆ ಸಲ್ಲದು.

ಇದನ್ನೇ ಆರಿಸಿಕೊಳ್ಳುವವರು ಮೂರು ನಿಯಮ ಪಾಲಿಸಿ. ತುತ್ತು ಮಗುವಿನ ಹೆಬ್ಬೆರಳ ತುದಿಯಷ್ಟಿರಲಿ, ನಿಮ್ಮದರಷ್ಟಲ್ಲ. ಬಾಯಿಯ ಮುಂದೆ ಹಿಡಿದು ನಿಲ್ಲಿಸಿ, ಮಗು ತಾನಾಗಿ ಮುಂದೆ ಬಾಗಿ ತೆಗೆದುಕೊಳ್ಳಲಿ. ಬಾಯಿ ಖಾಲಿಯಾದದ್ದು ಕಂಡ ಮೇಲೆಯೇ ಇನ್ನೊಂದು. ಮುಖ ತಿರುಗಿಸುವುದು, ಬಾಯಿ ಮುಚ್ಚುವುದು, ಕೈಯಿಂದ ತಳ್ಳುವುದು ಇವೆಲ್ಲ ಸಾಕು ಎಂಬುದರ ಸೂಚನೆ. 20–30 ನಿಮಿಷದಲ್ಲಿ ಮುಗಿಯದ ಊಟವನ್ನು ಎತ್ತಿಬಿಡಿ, ಎರಡು ಗಂಟೆ ಬಿಟ್ಟು ಮತ್ತೆ ಕೊಡಿ.

ಮಗುವಿನ ಕೈಗೇ ತಟ್ಟೆ

ಮಗುವೇ ಹಿಡಿದು, ಕಚ್ಚಿ, ತನ್ನ ವೇಗದಲ್ಲಿ ತಿನ್ನುವ ದಾರಿ ಇದು. ಉಸಿರುಗಟ್ಟುವುದು ಇದರಲ್ಲಿ ಹೆಚ್ಚು ಎನ್ನುವುದು ಹಿರಿಯರ ಆತಂಕ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 206 ಶಿಶುಗಳನ್ನು ಎರಡು ಗುಂಪು ಮಾಡಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವಾಗಿ ತಿಂದ ಮಕ್ಕಳಿಗೂ ಚಮಚದಲ್ಲಿ ತಿಂದ ಮಕ್ಕಳಿಗೂ ಉಸಿರುಗಟ್ಟಿದ ಪ್ರಸಂಗಗಳಲ್ಲಿ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಆದರೆ ಇದನ್ನು ಅರ್ಧಕ್ಕೆ ಓದಬಾರದು. ತಾವಾಗಿ ತಿನ್ನುವ ಗುಂಪಿನ ಅಪ್ಪ ಅಮ್ಮಂದಿರಿಗೆ ಯಾವ ಆಹಾರ ಅಪಾಯ, ಹೇಗೆ ಕತ್ತರಿಸಬೇಕು ಎಂದು ಮೊದಲೇ ಕಲಿಸಿಕೊಟ್ಟಿದ್ದರು. ಎರಡೂ ಗುಂಪಿನ ಅನೇಕ ಮನೆಗಳಲ್ಲಿ ಮಕ್ಕಳಿಗೆ ಅಪಾಯದ ಆಹಾರ ಕೊಡುತ್ತಿದ್ದುದೂ ಅದರಲ್ಲೇ ಬಯಲಾಯಿತು. ಹಾಗಾಗಿ ತಯಾರಿ ಇಲ್ಲದೆ ತಟ್ಟೆ ಮುಂದಿಟ್ಟು ಅಡುಗೆಮನೆಗೆ ಹೋಗುವುದನ್ನು ಈ ದಾರಿಯ ಹೆಸರಿನಲ್ಲಿ ಸಮರ್ಥಿಸಲು ಆಗುವುದಿಲ್ಲ.

ತಯಾರಿ ಎಂದರೆ ಹೀಗೆ. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಹಿಸುಕಿಹೋಗಬೇಕು, ಅದೇ ಪರೀಕ್ಷೆ. ಕ್ಯಾರೆಟ್, ಬೀಟ್‌ರೂಟ್, ಸಿಹಿಗುಂಬಳ ಬೆರಳಿನುದ್ದದ ಹೋಳುಗಳಾಗಿ ಈ ಹದಕ್ಕೆ ಬೇಯಲಿ. ಇಡ್ಲಿಯನ್ನು ಉದ್ದುದ್ದ ಸೀಳಿ ಸಾರಿನಲ್ಲಿ ಅದ್ದಿ ಕೊಡಿ. ದೋಸೆ ಗರಿಗರಿಯಾಗದೆ ಮೆತ್ತಗಿರಲಿ. ಮೊಟ್ಟೆಯ ಪಲ್ಯವನ್ನು ಎಣ್ಣೆ ಹಾಕಿ ಮೃದುವಾಗಿ ಮಾಡಿ, ಬೇಯಿಸಿದ ಮೊಟ್ಟೆಯಾದರೆ ಒಣ ಹಳದಿ ಬಾಯಲ್ಲಿ ಅಂಟುವುದರಿಂದ ತುಪ್ಪದಲ್ಲೋ ಬೇಳೆಯಲ್ಲೋ ಕಿವುಚಿ. ಒಂದು ಸಲಕ್ಕೆ ತಟ್ಟೆಯಲ್ಲಿ ಮೂರು ನಾಲ್ಕು ತುಂಡು ಮಾತ್ರ ಇಡಿ. ಹತ್ತು ಇಟ್ಟರೆ ಹತ್ತನ್ನೂ ಬಾಯಿಗೆ ತುರುಕಿಕೊಳ್ಳುವ ವಯಸ್ಸಿದು.

ತೊಂದರೆಗಳೂ ಇವೆ. ಮೊದಲ ವಾರಗಳಲ್ಲಿ ನೆಲಕ್ಕೆ ಹೋಗುವುದೇ ಹೆಚ್ಚು. ಹಣ್ಣು, ಇಡ್ಲಿ ತಿಂದು ಬೇಳೆ, ಸೊಪ್ಪು ಬಿಡುವ ಮಗುವಿಗೆ ಕಬ್ಬಿಣ ಕಡಿಮೆಯಾಗುತ್ತದೆ. ಒಂದೊಂದು ಊಟಕ್ಕೂ ಅರ್ಧ ಗಂಟೆ ಎದುರು ಕೂರಬೇಕು. ಪಡೆಯುವುದೇನೆಂದರೆ, ಅಗಿಯುವುದು ಬೇಗ ಬರುತ್ತದೆ, ಹಸಿವು ತೃಪ್ತಿ ಮಗುವಿಗೇ ಗೊತ್ತಾಗುತ್ತದೆ, ಎರಡು ವರ್ಷದ ಹೊತ್ತಿಗೆ ಮನೆಯವರ ಜೊತೆ ಕೂತು ಉಣ್ಣುವ ಅಭ್ಯಾಸವಾಗುತ್ತದೆ. ಡೇ ಕೇರ್‌ಗೆ ಹೋಗಲಿರುವ ಮಕ್ಕಳಿಗೆ ಇದು ತುಂಬಾ ನೆರವು.

ಎಲ್ಲವೂ ಮಿಕ್ಸಿಯಲ್ಲಿ

ಇದು ಅತ್ಯಂತ ಸುರಕ್ಷಿತವೆಂದು ಕಾಣುತ್ತದೆ, ವರ್ಷ ದಾಟಿದ ಮೇಲೆ ಹಾಗಿಲ್ಲ. ಗಂಟಿರುವ ಆಹಾರವನ್ನು ಒಂಬತ್ತು ಹತ್ತು ತಿಂಗಳಿಗೇ ಪರಿಚಯಿಸದ ಮಕ್ಕಳು ಮುಂದೆ ಊಟಕ್ಕೆ ಹೆಚ್ಚು ತಕರಾರು ಮಾಡುತ್ತಾರೆ. ನುಣ್ಣನೆಯದಕ್ಕೇ ಒಗ್ಗಿದ ನಾಲಿಗೆಗೆ ಅನ್ನದ ಅಗುಳು ಸಿಕ್ಕರೂ ಓಕರಿಕೆ ಬರುತ್ತದೆ, ಅದನ್ನು ಕಂಡು ಮನೆಯವರು ಮತ್ತೆ ಮಿಕ್ಸಿಗೆ ಮರಳುತ್ತಾರೆ. ಮಿಕ್ಸಿ ತಿರುಗಲೆಂದು ಸೇರಿಸುವ ನೀರಿನಿಂದ ಬಟ್ಟಲು ತುಂಬಿದರೂ ಸತ್ವ ಇಳಿಯುತ್ತದೆ. ಚಮಚ ಓರೆ ಮಾಡಿದರೆ ಸರಕ್ಕನೆ ಸುರಿಯುವ ಗಂಜಿ ಸಾಲದು, ಚಮಚದ ಮೇಲೆ ನಿಲ್ಲುವಷ್ಟು ಗಟ್ಟಿ ಇರಬೇಕು. ಪ್ಯಾಕೆಟ್ಟಿನ ಸಿರಿಧಾನ್ಯ ಪುಡಿ, ಹೀರುವ ಪೌಚುಗಳಿಗೂ ಇದೇ ಮಾತು. ಪ್ರಯಾಣಕ್ಕೆ ಆದೀತು, ದಿನದ ಊಟಕ್ಕೆ ದುಬಾರಿ, ಅಗಿಯುವುದನ್ನೂ ಕಲಿಸುವುದಿಲ್ಲ. ಮೊಳಕೆ ಕಟ್ಟಿದ ರಾಗಿಯ ಸರಿ ಇವೆಲ್ಲಕ್ಕಿಂತ ಅಗ್ಗ. ಮೊಳಕೆಯಿಂದ ಗಂಜಿ ತೆಳುವಾಗುವುದರಿಂದ ಅಷ್ಟೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಬಹುದು, ಖನಿಜಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ.

ಈಗಾಗಲೇ ಇದರಲ್ಲಿ ಸಿಕ್ಕಿಕೊಂಡಿದ್ದರೆ ಮೂರು ನಾಲ್ಕು ವಾರದಲ್ಲಿ ಹೊರಬನ್ನಿ. ಮೊದಲ ವಾರ ಮಿಕ್ಸಿಯನ್ನು ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ. ಎರಡನೇ ವಾರ ಬೇಳೆ ಕಡೆಯುವ ಕಡಗೋಲು ಸಾಕು. ಮೂರನೇ ವಾರ ಚಮಚದ ಬೆನ್ನು. ನಾಲ್ಕನೆಯದರಲ್ಲಿ ಬೆರಳಿನಿಂದ ಹಿಸುಕಿದ ಅನ್ನ ಬೇಳೆ. ನಡುವೆ ಓಕರಿಕೆ ಬಂದರೆ ಒಂದು ಹೆಜ್ಜೆ ಹಿಂದೆ ಹೋಗಿ ಎರಡು ದಿನ ಅಲ್ಲೇ ಇರಿ.

ನಡುವಿನ ದಾರಿ

ಹೆಚ್ಚಿನ ಮನೆಗಳಿಗೆ ನಾವು ಹೇಳುವುದು ಎರಡನ್ನೂ ಕೂಡಿಸಿದ್ದನ್ನು. ಊಟದ ಮೊದಲ ಹತ್ತು ನಿಮಿಷ ಮಗುವಿಗೆ ಹಸಿವಿರುತ್ತದೆ, ಆಗ ತಟ್ಟೆ ಅದರ ಕೈಯಲ್ಲಿರಲಿ: ಬೇಯಿಸಿದ ತರಕಾರಿ, ಇಡ್ಲಿ ಹೋಳು. ಆಮೇಲೆ ಕಬ್ಬಿಣವಿರುವ ಕಲಸನ್ನವನ್ನು ನೀವು ತುತ್ತಿಡಿ: ಹೆಸರುಬೇಳೆ, ಸೊಪ್ಪು, ಮೊಟ್ಟೆ ಅಥವಾ ನುಣ್ಣಗೆ ಬಿಡಿಸಿದ ಮಾಂಸ, ಮೇಲೆ ನಾಲ್ಕು ಹನಿ ನಿಂಬೆರಸ. ನಿಂಬೆ ಬರೀ ರುಚಿಗಲ್ಲ, ಸೊಪ್ಪು ಬೇಳೆಯ ಕಬ್ಬಿಣ ಮೈಗೆ ಹತ್ತಲು ಅದು ಸಹಾಯ ಮಾಡುತ್ತದೆ. ತೂಕ ಏರದ ಮಗುವಿಗೆ ಈ ಕ್ರಮವನ್ನು ತಿರುಗಿಸಿ, ಮೊದಲು ತುತ್ತು, ಕೊನೆಗೆ ತಟ್ಟೆ.

ಕೂರಿಸುವುದು ಎಲ್ಲಿ

ತೊಡೆಯ ಮೇಲೆ ಕೂರಿಸಿಕೊಂಡರೆ ಮಗು ಅಲುಗದು, ಆದರೆ ಬೆನ್ನು ನಿಮ್ಮ ಕಡೆಗಿದ್ದರೆ ಮುಖ ಕಾಣದು. ಉಸಿರು ಕಟ್ಟಿದ ಮಗುವಿನಿಂದ ಸದ್ದೇ ಬರುವುದಿಲ್ಲವಾದ್ದರಿಂದ ಇದು ದೊಡ್ಡ ಕೊರತೆ. ಪಕ್ಕಕ್ಕೆ ತಿರುಗಿಸಿ ಕೂರಿಸಿಕೊಳ್ಳಿ. ನೆಲದ ಮೇಲೆ ಮಣೆ ಹಾಕಿ, ಬೆನ್ನಿಗೆ ಗೋಡೆ ಕೊಟ್ಟು, ಎದುರಿಗೆ ನೀವು ಕುಳಿತರೆ ಖರ್ಚಿಲ್ಲ, ಬೀಳುವ ಭಯವಿಲ್ಲ, ಮುಖವೂ ಕಾಣುತ್ತದೆ. ಎದ್ದು ಓಡುವುದೊಂದೇ ಸಮಸ್ಯೆ. ಎದ್ದರೆ ಊಟ ನಿಂತಿತು ಎನ್ನುವುದನ್ನು ಬಿಡದೆ ಪಾಲಿಸಿದರೆ ಕೆಲವು ದಿನಗಳಲ್ಲಿ ತಹಬಂದಿಗೆ ಬರುತ್ತದೆ. ಬೆನ್ನ ಹಿಂದೆ ಬಟ್ಟಲು ಹಿಡಿದು ಓಡುವುದನ್ನು ಮಾತ್ರ ಮಾಡಬೇಡಿ.

ಎತ್ತರದ ಊಟದ ಕುರ್ಚಿ ಸೊಂಟ ನೋವಿರುವ ಅಜ್ಜಿ ತಾತಂದಿರಿಗೆ, ಒಬ್ಬರೇ ನೋಡಿಕೊಳ್ಳುವವರಿಗೆ ನಿಜವಾಗಿ ಉಪಯುಕ್ತ. ಕೊಳ್ಳುವಾಗ ಬಣ್ಣದ ತಟ್ಟೆ, ಗಾಲಿ ನೋಡಬೇಡಿ. ಭುಜ, ಸೊಂಟ, ತೊಡೆಯ ನಡುವೆ ಹಾಯುವ ಐದು ಕೊಂಡಿಯ ಪಟ್ಟಿ, ಅಗಲವಾದ ಕಾಲುಗಳು, ಹೊಂದಿಸಲು ಬರುವ ಪಾದದ ಆಸರೆ, ಇವು ಮೂರಿದ್ದರೆ ಅಗ್ಗದ್ದೂ ಸಾಕು. ಪಾದ ಜೋತುಬಿದ್ದರೆ ಸೊಂಟ ಜಾರಿ, ತಲೆ ಹಿಂದಕ್ಕೆ ವಾಲುತ್ತದೆ. ಆಸರೆ ಇಲ್ಲದ ಕುರ್ಚಿಗೆ ರಟ್ಟಿನ ಪೆಟ್ಟಿಗೆಯೊಂದನ್ನು ಬಿಗಿಯಾಗಿ ಕಟ್ಟಿದರೂ ಕೆಲಸವಾಗುತ್ತದೆ. ಪಟ್ಟಿ ಪ್ರತಿ ಸಲವೂ ಹಾಕಬೇಕು. ಮಗು ಕಾಲಿನಿಂದ ಒದ್ದು ತಳ್ಳಬಹುದಾದ ಮೇಜು, ಗೋಡೆಯಿಂದ ಕುರ್ಚಿ ದೂರವಿರಲಿ. ಕಾರು, ಆಟೊ, ಬಸ್ಸು ಓಡುತ್ತಿರುವಾಗ ಏನನ್ನೂ ತಿನ್ನಿಸಬೇಡಿ.

ಯಾವ ದಾರಿಯಾದರೂ ಇವು ಬದಲಾಗವು

ಕಡಲೆಕಾಯಿ ಬೀಜ, ಬಾದಾಮಿ, ಗೋಡಂಬಿ, ಹುರಿಗಡಲೆ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರಮೆಂಟು, ಕೊಬ್ಬರಿ ಚೂರು, ಅಡಿಕೆ ಚೂರು ನಾಲ್ಕು ವರ್ಷದವರೆಗೆ ಬೇಡವೇ ಬೇಡ. ಬೀಜಗಳನ್ನು ನುಣ್ಣಗೆ ಪುಡಿ ಮಾಡಿ ಗಂಜಿಗೋ ಮೊಸರನ್ನಕ್ಕೋ ಬೆರೆಸಿ, ಪೀನಟ್ ಬಟರ್ ಆದರೆ ತೆಳುವಾಗಿ ಸವರಿ, ಚಮಚದಲ್ಲಿ ಕೊಡಬೇಡಿ. ಸಂಕ್ರಾಂತಿಯ ಎಳ್ಳು ಬೆಲ್ಲದ ಬಗ್ಗೆ ವಿಶೇಷ ಎಚ್ಚರ ಬೇಕು. ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಎಲ್ಲವೂ ಒಂದೇ ಮುಷ್ಟಿಯಲ್ಲಿ, ಓಡಾಡುವ ಮಕ್ಕಳ ಕೈಗೆ ಸಿಗುವ ಹಬ್ಬವದು. ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು ಮಾಡುವ ದಿನ ಮಗುವಿನ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ.

ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಅಡ್ಡ ಕತ್ತರಿಸಿದ ದುಂಡು ಬಿಲ್ಲೆ ಶ್ವಾಸನಾಳವನ್ನು ಬಿರಡೆಯಂತೆ ಮುಚ್ಚುತ್ತದೆ, ಕ್ಯಾರೆಟ್, ಸೌತೆಗೂ ಇದೇ ಕಾರಣಕ್ಕೆ ಉದ್ದ ಸೀಳು. ಬಾಳೆಹಣ್ಣನ್ನು ತುದಿಯಲ್ಲಿ ಬೆರಳಿನಿಂದ ಒತ್ತಿದರೆ ಉದ್ದಕ್ಕೆ ಮೂರು ಎಸಳಾಗುತ್ತದೆ. ಹಸಿ ಸೇಬು ತುರಿಯಿರಿ ಅಥವಾ ಬೇಯಿಸಿ. ಸೀತಾಫಲ, ಸಪೋಟ, ನೇರಳೆ, ಹುಣಸೆ ಬೀಜಗಳನ್ನು ನೀವೇ ತೆಗೆದು, ಬಿಡಿಸಿದ ಬೀಜ ಕೂಡಲೇ ಕಸಕ್ಕೆ ಹಾಕಿ. ಪನೀರ್ ಪುಡಿ ಮಾಡಿ. ಚಪಾತಿ, ಬ್ರೆಡ್ ಒಣಗಿದ್ದರೆ ಬಾಯಲ್ಲಿ ಹಿಟ್ಟಿನ ಉಂಡೆಯಾಗುತ್ತವೆ, ಬೇಳೆಯಲ್ಲಿ ನೆನೆಸಿ. ರಾಗಿ ಮುದ್ದೆಯನ್ನು ದೊಡ್ಡವರು ಅಗಿಯದೆ ನುಂಗುವುದು ರೂಢಿ, ಮಗುವಿಗೆ ಅದನ್ನು ಕಲಿಸಲು ಹೋಗಬೇಡಿ. ಸಾರಿನಲ್ಲಿ ಪೂರ್ತಿ ಕಿವುಚಿ ಚಮಚದಲ್ಲಿ ಕೊಡಿ.

ಜೇನುತುಪ್ಪ ವರ್ಷದೊಳಗೆ ನಾಲಿಗೆಗೆ ಸವರಲೂ ಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಸಕ್ಕರೆ ಎರಡು ವರ್ಷದವರೆಗೆ ಬೇಡ. ನೀರನ್ನು ಸಣ್ಣ ಲೋಟದಲ್ಲಿ ಕೊಟ್ಟು ಅಭ್ಯಾಸ ಮಾಡಿಸಿ, ಬಾಟಲಿ ವರ್ಷದ ಹೊತ್ತಿಗೆ ಬಿಡಿಸಲು ಶುರು ಮಾಡಿ.

ಸಿಕ್ಕಿಕೊಂಡರೆ

ಓಕರಿಕೆಯಲ್ಲಿ ಸದ್ದಿರುತ್ತದೆ, ಮುಖ ಕೆಂಪಾಗುತ್ತದೆ, ಕೆಮ್ಮು ಬರುತ್ತದೆ. ಆಗ ಮಗುವನ್ನು ಮುಂದೆ ಬಾಗಿಸಿ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ, ಬಾಯಿಗೆ ಬೆರಳು ಹಾಕಬೇಡಿ. ಬೆರಳು ತುಂಡನ್ನು ಇನ್ನೂ ಒಳಗೆ ತಳ್ಳುತ್ತದೆ. ನೆತ್ತಿಗೇರಿತೆಂದು ತಲೆ ತಟ್ಟುವುದರಿಂದ ಪ್ರಯೋಜನವಿಲ್ಲ.

ಕೆಮ್ಮಲೂ ಅಳಲೂ ಆಗದೆ, ಸದ್ದಿಲ್ಲದೆ, ತುಟಿ ಒಸಡು ನೀಲಿಯಾಗುತ್ತಿದ್ದರೆ ಅದು ಉಸಿರುಗಟ್ಟುವಿಕೆ. ವರ್ಷ ದಾಟಿದ ಮಗುವನ್ನು ತಲೆ ಕೆಳಗಾಗುವಂತೆ ತೊಡೆಗೆ ಅಡ್ಡಲಾಗಿ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಹಿಂದೆ ಮಂಡಿಯೂರಿ, ಹೊಕ್ಕುಳಿಗೂ ಎದೆಮೂಳೆಗೂ ನಡುವೆ ಮುಷ್ಟಿಯಿಟ್ಟು ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಒತ್ತಿ. ತುಂಡು ಬರುವವರೆಗೆ ಐದು, ಐದು. ವರ್ಷದೊಳಗಿನ ಶಿಶುವಿಗೆ ಹೊಟ್ಟೆ ಒತ್ತಬಾರದು, ಬೆನ್ನಿಗೆ ಐದು ಪೆಟ್ಟಾದ ಮೇಲೆ ಎದೆಯ ನಡುವೆ ಐದು ಒತ್ತು. ಜೊತೆಗಿದ್ದವರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಹೃದಯ ಶ್ವಾಸ ಪುನಶ್ಚೇತನ (ಸಿಪಿಆರ್) ಶುರು ಮಾಡಿ: 30 ಎದೆ ಒತ್ತು, 2 ಉಸಿರು. ಕಣ್ಣಿಗೆ ಕಾಣುವ ತುಂಡನ್ನು ಮಾತ್ರ ಬಾಯಿಂದ ತೆಗೆಯಿರಿ. ಹೊಟ್ಟೆ ಒತ್ತಿದ್ದರೆ, ಮಗು ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಬೇಕು. ಬೀಜ ತಿಂದು ಕೆಮ್ಮಿದ ಮೇಲೆ ದಿನಗಟ್ಟಲೆ ಕೆಮ್ಮು, ಸುಯ್ಯೆನ್ನುವ ಉಸಿರು ಉಳಿದರೆ ಚೂರು ಶ್ವಾಸನಾಳದಲ್ಲೇ ಇರಬಹುದು. ನೆಗಡಿಯೆಂದು ಕಾಯಬೇಡಿ.

ನಿಮ್ಮ ಮನೆಗೆ ಯಾವುದು

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ ಹಗಲು ಅಜ್ಜಿಯ ಬಳಿ ಇರುವ ಮಗುವಿಗೆ ಹಗಲು ಕೈತುತ್ತು, ರಾತ್ರಿ ಊಟ ಮಗುವಿನ ಕೈಗೆ. ಅಜ್ಜಿಯ ಕಣ್ಣು ಮಂದವಿದ್ದರೆ ಮುಳ್ಳಿನ ಮೀನು, ಬೀಜದ ಹಣ್ಣು ನೀವಿರುವಾಗ ಮಾತ್ರ. ಬೆನ್ನಿಗೆ ಹೊಡೆಯುವ ಕ್ರಮವನ್ನು ದಿಂಬಿನ ಮೇಲೆ ತೋರಿಸಿ ಅವರಿಂದಲೂ ಮಾಡಿಸಿ.

ಡೇ ಕೇರ್‌ಗೆ ಹೋಗುವ ಮಗುವಿಗೆ ತಟ್ಟೆಯ ದಾರಿ ಮೊದಲು. ಸೇರಿಸುವ ಮುನ್ನ ಊಟದ ಹೊತ್ತಿನಲ್ಲೇ ಹೋಗಿ ನೋಡಿ. ಒಬ್ಬರು ಎಷ್ಟು ಮಕ್ಕಳ ಮುಖ ನೋಡುತ್ತಿದ್ದಾರೆ, ಮಕ್ಕಳು ಕೂತು ತಿನ್ನುತ್ತಿದ್ದಾರೆಯೇ, ದೊಡ್ಡ ಮಕ್ಕಳ ಡಬ್ಬಿಯ ತಿಂಡಿ ಚಿಕ್ಕವರಿಗೆ ಸಿಗುತ್ತದೆಯೇ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಕೈಯಲ್ಲಿ ಹಣ ಕಡಿಮೆ ಇದ್ದರೆ ನೆಲ, ಮಣೆ, ಸ್ಟೀಲ್ ಬಟ್ಟಲು, ರಾಗಿ, ಬೇಳೆ, ಮೊಟ್ಟೆ ಇವಿಷ್ಟರಲ್ಲೇ ನಡುವಿನ ದಾರಿ ಪೂರ್ತಿ ನಡೆಯುತ್ತದೆ. ಅಂಗನವಾಡಿಯಿಂದ ಬರುವ ಪೌಷ್ಟಿಕ ಪುಡಿಯನ್ನು ಮನೆಯವರೆಲ್ಲ ಹಂಚಿಕೊಳ್ಳದೆ ಮಗುವಿಗೇ ಇಡಿ. ಆಶಾ ಕಾರ್ಯಕರ್ತೆಯರ ಬಳಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ಪು ಕೇಳಿ. 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ.ಯಂತೆ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ.

ಮನೆಯಲ್ಲಿ ಅಕ್ಕನೋ ಅಣ್ಣನೋ ಇದ್ದರೆ ಎಷ್ಟು ಎಚ್ಚರದ ತಟ್ಟೆಯೂ ಸಾಲದು, ಪ್ರೀತಿಯಿಂದಲೇ ಅವರು ತಮ್ಮ ಚಕ್ಕುಲಿ, ಕಡಲೆಬೀಜ ತಂಗಿಯ ಬಾಯಿಗಿಡುತ್ತಾರೆ. ಗದರದೆ, ಯಾವುದನ್ನು ಕೊಡಬಹುದೋ ಅದರ ಡಬ್ಬಿಯೊಂದನ್ನು ಅವರ ಕೈಗೇ ಕೊಡಿ.

ಅವಧಿಗೆ ಮುಂಚೆ ಹುಟ್ಟಿದ, ತಡವಾಗಿ ಕೂತ ನಡೆದ, ನೀರು ಕುಡಿದಾಗಲೆಲ್ಲ ಕೆಮ್ಮುವ, ಊಟವಾದ ಮೇಲೆ ಧ್ವನಿ ಒದ್ದೆಯಾಗಿ ಕೇಳುವ, ಪದೇ ಪದೇ ನ್ಯುಮೋನಿಯಾ ಆಗುವ ಮಕ್ಕಳಿಗೆ ಈ ಹೋಲಿಕೆ ಅನ್ವಯಿಸದು. ಅಂಥವರ ತುತ್ತಿನ ಹದ, ಕೂರಿಸುವ ಕ್ರಮ ಎರಡನ್ನೂ ಮಕ್ಕಳ ವೈದ್ಯರು ಮಗು ನುಂಗುವುದನ್ನು ನೋಡಿಯೇ ಹೇಳಬೇಕು. ಹೋಗುವಾಗ ಮನೆಯಲ್ಲಿ ಮಗು ಉಣ್ಣುವ ಎರಡು ನಿಮಿಷದ ವಿಡಿಯೊ ಫೋನಿನಲ್ಲಿರಲಿ. ಕ್ಲಿನಿಕ್ಕಿನಲ್ಲಿ ಅಳುತ್ತಿರುವ ಮಗು ಹೇಗೆ ತಿನ್ನುತ್ತದೆಂದು ಯಾರಿಗೂ ತೋರಿಸಲಾರದು.